ಕಾಕಿಯ ಫೋಟೋಕ್ಕಾಗಿ ತಂದ ಸ್ಕ್ಯಾನರು

ಸ್ಕ್ಯಾನರು ಆರಿಸುವಾಗ ನಾನು ಮೆರೆದ ಜಾಣತನ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ಅಂಗಡಿಯವನ ತಲೆ ತಿಂದೆ, ಮನೆಯವರ ಜೊತೆ ವಾದಕ್ಕಿಳಿದೆ, ಒಮ್ಮೆ ಕೊಂಡು ತಂದದ್ದನ್ನು ಜಗಳವಾಡಿ ವಾಪಸು ಕೊಟ್ಟು ಬಂದೆ. ಜಗಳಗಂಟಿ ಎಂಬ ಬಿರುದು ನನಗೆ ತವರಿನಿಂದಲೇ ಬಂದದ್ದು, ಅದಕ್ಕೇನೂ ನಾಚಿಕೆಯಿಲ್ಲ. ನಾಚಿಕೆ ಬೇರೆಯದು, ಅದನ್ನು ಹೇಳಬೇಕಾದರೆ ಬೇಡಗದ ಕಾಕಾನಿಂದ ಶುರು ಮಾಡಬೇಕು.

ಕಾಕಾ ನಮ್ಮ ಅಪ್ಪನಿಗೆ ದೊಡ್ಡಪ್ಪನ ಮಗ, ವಯಸ್ಸಿನಲ್ಲಿ ಕಿರಿಯರು. ಅಪ್ಪ ಊರು ಬಿಟ್ಟು ಸಾಂಗಲಿಗೆ ಬಂದು ಅರಿಷಿಣದ ಪೇಟೆಯಲ್ಲಿ ದಲಾಲಿಯ ಅಡತಿ ಅಂಗಡಿ ಹಾಕಿದರು, ಬೆಳೆದರು. ಕಾಕಾ ಬೇಡಗದಲ್ಲೇ ತುಂಡು ಹೊಲ ಮಾಡಿಕೊಂಡು ಉಳಿದರು. ನಮ್ಮ ಮನೆಯಲ್ಲಿ ಏನೇ ಕಾರ್ಯವಿದ್ದರೂ ಕಾಕಾ, ಕಾಕಿ ಎಲ್ಲರಿಗಿಂತ ಮೊದಲು ಬರುವವರು, ಎಲ್ಲರೂ ಹೋದ ಮೇಲೆ ಪಾತ್ರೆಪಗಡೆ ಒಳಗಿಟ್ಟು ಹೋಗುವವರು. ನನ್ನ ಮದುವೆಯಲ್ಲಿ ಹೊತ್ತು ಮುಳುಗುವುದರೊಳಗೆ ಬೀಗರ ಪಂಕ್ತಿ ಏಳಬೇಕೆಂದು ಅಡಿಗೆಯವರ ಬೆನ್ನು ಹತ್ತಿ ನಿಂತವಳು ಕಾಕಿಯೇ. ನನಗೆ ಅರಿಷಿಣ ಹಚ್ಚಿ ನೀರೆರೆದವಳೂ ಅವಳೇ.

ಆ ಕಾಕಿ ತೀರಿಕೊಂಡ ವರ್ಷ ಕಾಕಾ ಕಣ್ಣು ತೋರಿಸಲು ಮಿರಜಕ್ಕೆ ಬಂದವರು ಹಾಗೇ ಸಾಂಗಲಿಯ ವಿಶ್ರಾಮಬಾಗದ ನಮ್ಮ ಮನೆಗೂ ಬಂದರು. ಊಟವಾಯಿತು. ಎಲೆ ಅಡಿಕೆಯ ತಾಟು ಮುಂದಿಟ್ಟರೂ ಮುಟ್ಟಲಿಲ್ಲ.

"ಯವ್ವಾ, ಒಂದ ಮಾತ ಕೇಳಲೇನು?" ಅಂದರು.

"ಕೇಳ್ರಿ ಕಾಕಾ. ನನ್ನ ಕಡೆ ಏನ ಸಂಕೋಚ?"

"ನಿನ್ನ ಮದಿವ್ಯಾಗ ನಿನ್ನ ಬಾಜೂಕ ನಿಂದರಿಸಿ ನಮ್ಮಿಬ್ಬರದೂ ಒಂದ ಫೋಟೋ ತಗದಿದ್ರಲ್ಲ. ಅದು ಎಲ್ಲ್ಯಾರ ಐತೇನು?"

ಕಾಕಿಯ ಬೇರೆ ಫೋಟೋ ಇಲ್ಲವೇ ಎಂದು ಕೇಳಿದೆ. ಓಟಿನ ಕಾರ್ಡಿನಲ್ಲಿ ಒಂದಿದೆಯಂತೆ. "ಅದನ್ನ ನೋಡಿ ಮೊಮ್ಮಕ್ಕಳು ಅಂಜತಾವು," ಅಂದರು. "ಮಾರಿ ಮಸಿ ಬಳದಂಗ ಆಗೇತಿ. ಅದು ಆಕಿನ ಅಂತ ನನಗ ಸಹಿತ ಅನಸೂದಿಲ್ಲ. ನಿನ್ನ ಮದಿವ್ಯಾಗ ಹಸರ ರೇಷ್ಮಿ ಸೀರಿ ಉಟ್ಟಿದ್ಲು. ಹಂಗ ಇದ್ಲು ಆಕಿ."

ನನಗೂ ಚೆನ್ನಾಗಿ ನೆನಪಿತ್ತು. ಅಡಿಗೆಮನೆಯಿಂದ ಅವಸರದಲ್ಲಿ ಬಂದು ಸೆರಗಿಗೆ ಕೈ ಒರೆಸಿಕೊಂಡು ನನ್ನ ಪಕ್ಕ ನಿಂತದ್ದು, ಕಣ್ಣು ಕೋರೈಸುವಂತೆ ಬೆಳಕು ಹಾರಿದ್ದು, ಅವಳು ನಗುತ್ತ ಇಳಿದು ಹೋದದ್ದು. ಆಲ್ಬಮ್ಮಿನಲ್ಲಿ ಆ ಫೋಟೋ ಇರಲಿಲ್ಲ ನಿಜ, ಆದರೆ ಅದರಲ್ಲಿ ಆಯ್ದವು ಮಾತ್ರ ಇದ್ದವು. ಉಳಿದದ್ದೆಲ್ಲ ನೆಗೆಟಿವ್‌ಗಳಲ್ಲಿ ಇದ್ದೇ ಇರುತ್ತದೆ.

"ಇಲ್ಲದ ಎಲ್ಲಿ ಹೋಗತೈತ್ರಿ ಕಾಕಾ? ನಾ ಹುಡುಕಿ, ದೊಡ್ಡದ ಮಾಡಿಸಿ, ಕಟ್ಟ ಹಾಕಿಸಿಕೊಂಡ ನಾನಽ ಬೇಡಗಕ್ಕ ಬರ್ತೀನಿ," ಅಂದುಬಿಟ್ಟೆ. ಕಾಕಾ ಆಗ ಎಲೆ ಹಾಕಿಕೊಂಡರು.

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಫಿಲ್ಮು ತೊಳೆಯುತ್ತಿದ್ದ ಸ್ಟುಡಿಯೋಗಳೆಲ್ಲ ಅಷ್ಟೊತ್ತಿಗೆ ಮೊಬೈಲ್ ಅಂಗಡಿಗಳಾಗಿದ್ದವು. ಸಾಂಗಲಿ–ಮಿರಜ ರಸ್ತೆಯ ಎರಡೂ ಬದಿಗೆ ಹೊಲ ಹೋಗಿ ಕಾರಿನ ಶೋರೂಮುಗಳು ಬಂದಿದ್ದವು. ನೆಗೆಟಿವ್ ಎಂಬ ಮಾತು ಕೇಳಿದರೆ ಹುಡುಗರು ರಕ್ತ ತಪಾಸಣೆಯ ಬಗ್ಗೆ ಯೋಚಿಸುವ ಕಾಲ. ಅದರ ಮೇಲೆ ನಮ್ಮಪ್ಪನ ಕಾನೂನು ಬೇರೆ. ನೆಗೆಟಿವ್‌ಗಳ ಡಬ್ಬಿ ಅಪ್ಪನ ಪೇಟೆಯ ಮನೆಯ ತಿಜೋರಿಯಲ್ಲಿತ್ತು. ಮದುವೆಯಾದ ಹೆಣ್ಣುಮಕ್ಕಳಿಗೆ ಅಪ್ಪ ಕೇಳಿದ್ದೆಲ್ಲ ಕೊಡುತ್ತಿದ್ದರು, ತಿಜೋರಿಯೊಳಗಿನ ವಸ್ತುವೊಂದನ್ನು ಬಿಟ್ಟು. "ನೋಡೂದಿದ್ರ ಇಲ್ಲೇ ಬಂದು ನೋಡು. ಡಬ್ಬಿ ಹೊಸ್ತಿಲಾ ದಾಟೂದಿಲ್ಲ," ಅಂದರು. ಅಂದರೆ ಚೀಲದಲ್ಲಿ ಹಾಕಿಕೊಂಡು ಹೋಗುವಂಥ ಸ್ಕ್ಯಾನರೇ ಬೇಕಾಯಿತು. ಲೋಡ್‌ಶೆಡಿಂಗ್‌ನ ದಿನಗಳು ಅವು. ಪೇಟೆಯಲ್ಲಿ ಕರೆಂಟು ಯಾವಾಗ ಇರುತ್ತದೆ, ಯಾವಾಗ ಇಲ್ಲ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಗೋಡೆಯ ಕರೆಂಟನ್ನೇ ನಂಬಿದ ಯಂತ್ರ ನನ್ನ ಕೆಲಸಕ್ಕೆ ಬರುವಂತಿರಲಿಲ್ಲ.

ನಮ್ಮನೆಯವರಿಗೆ ಈ ವಿಷಯ ಗೊತ್ತಾಗಿದ್ದೇ ತಡ, ಅವರ ಸ್ಲೈಡುಗಳೂ ಕಪಾಟಿನಿಂದ ಹೊರಬಂದವು. ಅವರು ಕಾಲೇಜಿನಲ್ಲಿ ಭೂಗೋಳ ಕಲಿಸುವವರು. ಹುಡುಗರನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ಘಟ್ಟ, ಕಣಿವೆ, ಬಂಡೆಗಳ ಸ್ಲೈಡು ತೆಗೆಸುತ್ತಿದ್ದರು. ಒಂದರಲ್ಲೂ ಹೆಂಡತಿಯಿಲ್ಲ. ರಟ್ಟಿನ ಚೌಕಟ್ಟಿನ ಆ ಸ್ಲೈಡುಗಳು ದಪ್ಪ, ಈಚಿನ ಪ್ಲಾಸ್ಟಿಕ್ಕಿನವು ತೆಳು. ಎರಡೂ ಹೋಗುವಂಥ ತಟ್ಟೆಯಿರುವ ಯಂತ್ರವೇ ಬೇಕೆಂದು ಹಟ ಹಿಡಿದರು. "ನಿಮ್ಮ ಕಲ್ಲ ಓಡಿ ಹೋಗೂದಿಲ್ಲ, ಮದಲ ನಮ್ಮ ಮನಷ್ಯಾರನ್ನ ನೋಡೂಣು," ಅಂದೆ ನಾನು.

ವಿಶ್ರಾಮಬಾಗದ ಕಂಪ್ಯೂಟರ್ ಅಂಗಡಿಯಲ್ಲಿ ಎರಡು ಬಗೆಯವು ಇದ್ದವು. ಒಂದು ಮುಚ್ಚಳ ತೆರೆದು ಗಾಜಿನ ಮೇಲೆ ಫಿಲ್ಮು ಮಲಗಿಸುವಂಥದು. ಚಿತ್ರ ಸೊಗಸಾಗಿ ಬರುತ್ತಿತ್ತು, ಆದರೆ ಎತ್ತಿದರೆ ರಟ್ಟೆ ಬೀಳುವಷ್ಟು ಭಾರ, ಕರೆಂಟಿಲ್ಲದೆ ಉಸಿರೆತ್ತುವುದಿಲ್ಲ. ಇನ್ನೊಂದು ಅಂಗೈಗಿಂತ ತುಸು ದೊಡ್ಡ ಡಬ್ಬಿ. ಪಕ್ಕದ ಸೀಳಿನಲ್ಲಿ ಫಿಲ್ಮು ತೂರಿಸಿದರೆ ಮೇಲಿನ ಪುಟ್ಟ ಪರದೆಯಲ್ಲಿ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಮನುಷ್ಯರು ಮೂಡುತ್ತಿದ್ದರು. ಗುಂಡಿ ಒತ್ತಿದರೆ ಕಾರ್ಡಿನೊಳಗೆ ಕೂತುಬಿಡುತ್ತಿದ್ದರು. ಅಂಗಡಿಯವನು ಮೆಗಾಪಿಕ್ಸೆಲ್ಲಿನ ಪುರಾಣ ತೆಗೆದ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ಜನರನ್ನು ಗದರಿಸಿ ರೂಢಿಯಾದವಳು. ಅವನ ಮಾತಿಗೆಲ್ಲ ಅಡ್ಡ ಪ್ರಶ್ನೆ ಹಾಕಿದೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಧೂಳು ಕೂತರೆ ಒರೆಸುವುದು ಹೇಗೆ, ಗೀಚು ಬಿದ್ದ ಫಿಲ್ಮು ಹೇಗೆ ಕಾಣುತ್ತದೆ, ಒಂದನ್ನೂ ಬಿಡಲಿಲ್ಲ. ಕೊನೆಗೆ ಅವನು ಕೈ ಮುಗಿದು, "ಘೇಊನ ಜಾ ಮ್ಯಾಡಮ್, ಬಘಾ," ಅಂದ. ತೊಗೊಂಡು ಹೋಗಿ ನೋಡ್ರಿ ಎಂದು ಅವನ ಬಿನ್ನಹ. ಗೆದ್ದವಳಂತೆ ಆ ಪುಟ್ಟ ಡಬ್ಬಿ ಹಿಡಿದು ಹೊರಬಂದೆ.

ಕೇಳಬೇಕಾದ ಪ್ರಶ್ನೆಯೊಂದನ್ನು ಬಿಟ್ಟಿದ್ದೆ. ಅಪ್ಪ ತಿಜೋರಿಯಿಂದ ಡಬ್ಬಿ ತೆಗೆದು ಕೊಟ್ಟಾಗ ಗೊತ್ತಾಯಿತು, ನನ್ನ ಮದುವೆಯ ಫಿಲ್ಮು ಹಳೆಯ ದೊಡ್ಡ ಕ್ಯಾಮರಾದ್ದು, ಮೂರು ಬೆರಳಗಲದ್ದು. ನಾನು ತಂದ ಯಂತ್ರದ ಸೀಳಿನಲ್ಲಿ ಅದರ ಅರ್ಧವೂ ಹಿಡಿಸಲಿಲ್ಲ. "ಅಳತೀ ತೊಗೊಳ್ಳದ ಕುಪ್ಪಸ ಹೊಲಿಸಿಕೊಂಡ ಬಂದಿ," ಎಂದು ಅಪ್ಪ ನಕ್ಕರು. ಮರುದಿನ ಅಂಗಡಿಗೆ ಹೋಗಿ, ತಪ್ಪು ನನ್ನದೇ ಆದರೂ, ಅವನೇ ಮೋಸ ಮಾಡಿದನೆಂಬಂತೆ ಕೂಗಾಡಿ ವಾಪಸು ಕೊಟ್ಟೆ. ಪಾಪ, ಅವನು ಪುಣೆಯಿಂದ ಬೇರೆ ತರಿಸಿಕೊಟ್ಟ. ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿದರೆ ಅದರಿಂದಲೇ ಓಡುವಂಥದು, ಬೇರೆ ಬೇರೆ ಅಗಲದ ತಟ್ಟೆಗಳು, ದಪ್ಪ ಸ್ಲೈಡಿಗೂ ಜಾಗ. ನಮ್ಮನೆಯವರ ಕಲ್ಲುಬಂಡೆಗಳಿಗೂ ಮೋಕ್ಷ ಸಿಕ್ಕಿತು.

ಈ ನಡುವೆ ಕಾಕಾ ಮಗನ ಮೊಬೈಲಿನಿಂದ ಫೋನು ಮಾಡುತ್ತಿದ್ದರು. ಬೆಳೆ, ಮಳೆ ಎಲ್ಲ ವಿಚಾರಿಸಿ ಕೊನೆಗೆ ದನಿ ತಗ್ಗಿಸಿ, "ಸಿಕ್ತೇನವ್ವಾ?" ಅನ್ನುತ್ತಿದ್ದರು. "ಮಶೀನ ಬರಾಕತ್ತೈತ್ರಿ ಕಾಕಾ, ಸ್ವಲ್ಪ ತಡೀರಿ," ಅನ್ನುತ್ತಿದ್ದೆ. ಯಂತ್ರ ಬರುವುದೇ ತಡ, ಕಾಕಿ ಬಂದಳೆಂದೇ ನಾನೂ ನಂಬಿದ್ದೆ.

ರವಿವಾರ ಪೇಟೆಯ ಮನೆಯಲ್ಲಿ ತೂಗುಮಂಚದ ಪಕ್ಕ ಮೇಜು ಹಾಕಿಕೊಂಡು ಕೂತೆ. ಅಪ್ಪ ಮಂಚದ ಮೇಲೆ ಕೂತು ಒಬ್ಬೊಬ್ಬರನ್ನೇ ಗುರುತಿಸುತ್ತ ಹೋದರು. ಇವರು ಸಮಡೋಳಿಯ ಗೌಡರು, ಇವರು ಸಕ್ಕರೆ ಕಾರಖಾನೆಯವರು, ಇಂವ ಹುಂಡಿ ವ್ಯಾಪಾರದಾಂವ. ಆಲ್ಬಮ್ಮಿನಲ್ಲಿ ಅಂಚು ಕತ್ತರಿಸಿ ಅಂಟಿಸಿದ್ದ ಚಿತ್ರಗಳು ಇಲ್ಲಿ ಪೂರ್ತಿ ಕಾಣುತ್ತಿದ್ದವು. ಮಂಟಪದ ಮೂಲೆಯ ಬಾಳೆಕಂಬ, ಯಾರದೋ ಮಗುವಿನ ಕಾಲು, ಚಿತ್ರದ ಎಡ ಅಂಚಿಗೆ ನಿಂತ ಅಪ್ಪ. ನನ್ನ ಕಣ್ಣು ಮಾತ್ರ ಹಸಿರು ಸೀರೆಯ ಹೆಂಗಸಿಗಾಗಿ ಹುಡುಕುತ್ತಿತ್ತು. ಕಪ್ಪು-ಬಿಳುಪಿನಲ್ಲಿ ಹಸಿರು ಕಾಣುವುದಿಲ್ಲ ಎಂಬುದೂ ಆ ಆತುರದಲ್ಲಿ ಹೊಳೆದಿರಲಿಲ್ಲ.

ಎಲ್ಲ ಮುಗಿಯಿತು, ಕಾಕಿ ಬರಲಿಲ್ಲ. ಮತ್ತೆ ಮೊದಲಿನಿಂದ ತೂರಿಸಿದೆ. ಯಂತ್ರವೇ ಚಿತ್ರ ಹಾರಿಸುತ್ತಿದೆ ಎಂದು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. ಫಿಲ್ಮಿನ ಅಂಚಿನಲ್ಲಿ ಅಚ್ಚಾದ ಅಂಕಿಗಳನ್ನು ನೋಡಿದೆ, ಒಂದರ ಹಿಂದೊಂದು ಸರಿಯಾಗಿಯೇ ಇದ್ದವು, ನಡುವೆ ಎಲ್ಲೂ ಬಿಟ್ಟುಹೋಗಿರಲಿಲ್ಲ. ಒಂದು ಸುರುಳಿಯೇ ಕಳೆದಿರಬೇಕು, ಫೋಟೋದವನೇ ನುಂಗಿರಬೇಕು ಎಂದು ಅವನ ಮೇಲೂ ಹರಿಹಾಯ್ದೆ. "ಕಳದಿಲ್ಲ. ಅವ ಕೊಟ್ಟಿದ್ದೆಲ್ಲಾ ಇದರಾಗ ಐತಿ," ಅಂದರು ಅಪ್ಪ. ಸಿಟ್ಟಿನಿಂದ ಮತ್ತೊಮ್ಮೆ ಎಲ್ಲವನ್ನೂ ಸರಸರನೆ ಓಡಿಸಿದಾಗ ಬೇರೊಂದು ಕಣ್ಣಿಗೆ ಬಿತ್ತು. ಅತಿಥಿಗಳು ಬದಲಾಗುತ್ತಿದ್ದರು, ಅಂಚಿನಲ್ಲಿದ್ದ ಅಪ್ಪ ಮಾತ್ರ ಪ್ರತಿ ಚಿತ್ರದಲ್ಲೂ ಟೊಪ್ಪಿಗೆಗೆ ಕೈ ಹಚ್ಚಿ ನಿಂತಿದ್ದರು. ನನಗೆ ನಗು ಬಂತು.

"ಇದೇನ್ರಿ ಅಪ್ಪಾ, ಎಲ್ಲಾ ಫೋಟೋದಾಗೂ ಟೊಪ್ಪಿಗಿ ಹಿಡಕೊಂಡ ನಿಂತೀರಿ? ಅಷ್ಟ ಗಾಳಿ ಬೀಸಿತ್ತೇನು?"

ಅಪ್ಪನಿಗೂ ನಗು ಬಂತು. ಬಹಳ ದಿನದ ಮೇಲೆ ತನ್ನದೊಂದು ಹಳೆಯ ಜಾಣತನ ಯಾರೋ ಗುರುತಿಸಿದಂತೆ ಮುಖ ಅರಳಿತು. ಅವರು ಪೇಟೆಯ ಮನುಷ್ಯ. ಹರಾಜಿನ ಸವಾಲಿನಲ್ಲಿ ವಸ್ತ್ರದ ಕೆಳಗೆ ಬೆರಳು ಹಿಡಿದು ದರ ಹೇಳಿ, ನಾಲ್ಕು ಜನರ ನಡುವೆ ಯಾರಿಗೂ ತಿಳಿಯದಂತೆ ಅರಿಷಿಣ ಮಾರಿದವರು.

"ಅದು ಸನ್ನಿ," ಅಂದರು. "ಫೋಟೋದಾಂವಗ ಮದಲಽ ಹೇಳಿಟ್ಟಿದ್ದೆ. ನಾ ಟೊಪ್ಪಿಗಿ ಮುಟ್ಟಿದ್ರ ಖರೇ ಫೋಟೋ ಹೊಡಿ, ಮುಟ್ಟಲಿಲ್ಲಂದ್ರ ಬರೇ ಬೆಳಕ ಹಾರಸು ಅಂತ. ಆಗ ರೀಲ ಏನ ಸಸ್ತಾ ಇದ್ದವೇನು? ಬಂದಾವರೆಲ್ಲಾ ಮ್ಯಾಲ ಹತ್ತಿ ನಿಂದರತಿದ್ರು. ಬ್ಯಾಡ ಅಂದ್ರ ಸಿಟ್ಟ. ಹಿಂಗ ಮಾಡಿದ್ರ ಅವರಿಗೂ ಸಮಾಧಾನ, ನಮಗೂ ಬರೋಬರಿ."

ನನ್ನ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. "ಬೇಡಗದ ಕಾಕಾ-ಕಾಕಿ ನಿಂತಾಗ ಮುಟ್ಟಿದ್ರೇನು?" ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು.

ಅಪ್ಪ ತುಸು ಯೋಚಿಸಿದರು. "ಅವರು ಮನ್ಯಾವರಲ್ಲೇನವ್ವಾ," ಅಂದರು, ನನ್ನ ದಡ್ಡತನಕ್ಕೆ ಬೇಸರಪಟ್ಟವರಂತೆ. "ಮನ್ಯಾವರ ಸಲುವಾಗಿ ಯಾರ ರೀಲ ಸುಡತಾರ?"

ನಾನು ಅಪ್ಪನ ಮೇಲೆ ಕೂಗಾಡಬೇಕಿತ್ತು. ಅಂಗಡಿಯವನ ಮೇಲೆ ಕೂಗಾಡಿದ ಬಾಯಿ ಅವತ್ತು ಏಳಲಿಲ್ಲ. ಪರದೆಯ ಮೇಲೆ ಸಮಡೋಳಿಯ ಗೌಡರ ಚಿತ್ರ ನಿಂತಿತ್ತು. ಅದರ ಬಲ ಮೂಲೆಯಲ್ಲಿ ಮಂಟಪದ ಮೆಟ್ಟಿಲು ಇಳಿಯುತ್ತಿರುವ ಯಾರದೋ ಸೆರಗಿನ ತುದಿ ಕಾಣುತ್ತಿತ್ತು. ದೊಡ್ಡದು ಮಾಡಿ ನೋಡಿದೆ, ಬರೀ ಕಾಳುಕಾಳಾಯಿತು. ಕಾಕಿಯದೇ ಇರಬಹುದು, ಬೇರೆ ಯಾರದೂ ಇರಬಹುದು. ಆ ಸೆರಗಿನ ಮುಂದೆ ಮದುಮಗಳಾದ ನಾನು ಗೌಡರ ಹೆಂಡತಿಗೆ ಆತುಕೊಂಡು ನಗುತ್ತಿದ್ದೆ. ಆ ನಗು ನೋಡಿ ನನಗೆ ಹೇಸಿಗೆಯಾಯಿತು.

ಮುಂದಿನ ವಾರ ಬೇಡಗಕ್ಕೆ ಹೋದೆ. ಫೋನಿನಲ್ಲಿ ಹೇಳುವ ಧೈರ್ಯ ಇರಲಿಲ್ಲ, ಎದುರಿಗೆ ಹೇಳುವ ಧೈರ್ಯ ಇತ್ತೆಂದೂ ಅಲ್ಲ. ಕಾಕಾನ ಮನೆಯ ಪಡಸಾಲೆಯಲ್ಲಿ ಜನ ಸೇರಿತ್ತು. ಸೊಸೆ, ಮೊಮ್ಮಕ್ಕಳು, ಪಕ್ಕದ ಮನೆಯ ಇಬ್ಬರು ಹೆಂಗಸರು. ಅಜ್ಜಿಯ ಫೋಟೋ ಬರುತ್ತದೆಂದು ಕಾಕಾ ಎಲ್ಲರಿಗೂ ಹೇಳಿದ್ದರು. ಸಣ್ಣ ಮೊಮ್ಮಗಳು ನನ್ನ ಕೈಚೀಲದ ಕಡೆಯೇ ನೋಡುತ್ತಿದ್ದಳು. ಮರಾಠಿ ಶಾಲೆಯ ಹುಡುಗಿ, "ಆಜೀಚಾ ಫೋಟೋ ಆಣಲಾ ಕಾ?" ಅಜ್ಜಿಯ ಫೋಟೋ ತಂದರೇನು ಎಂದು ತಾಯಿಯ ಕಿವಿಯಲ್ಲಿ ಕೇಳಿದಳು.

"ಕಾಕಾ, ಫಿಲ್ಮ ಕೆಟ್ಟೈತ್ರಿ," ಅಂದೆ. ನಾಲಗೆ ತಾನಾಗಿಯೇ ಹೊರಳಿತು. "ಹೊಳಿ ಬಂದಾಗ ಪೇಟಿ ಮನ್ಯಾಗ ನೀರ ಹೊಕ್ಕಿತ್ತಲ್ರಿ, ಆವಾಗ ತಂಪ ಹತ್ತಿ ನಿಮ್ಮ ಫೋಟೋ ಇದ್ದ ಭಾಗಽ ಅಳಿಸಿ ಹೋಗೈತಿ."

ನೀರು ತಿಜೋರಿಯ ಎತ್ತರಕ್ಕೆ ಎಂದೂ ಬಂದಿರಲಿಲ್ಲ. ಯಾರೂ ಅದನ್ನು ಕೇಳಲಿಲ್ಲ. ಕಾಕಾ ನನಗೇ ಸಮಾಧಾನ ಹೇಳತೊಡಗಿದರು.

"ಹೊಳಿಗಿ ಯಾರ ಏನ ಮಾಡಾಕ ಆಗತೈತಿ ಬಿಡವ್ವಾ. ಅಣ್ಣಂದು ತಪ್ಪಲ್ಲ, ನಿಂದೂ ತಪ್ಪಲ್ಲ. ಅವತ್ತ ಅಣ್ಣ ತಾನಽ ಅಡಿಗಿಮನೀತನಕ ಬಂದು ಕರದ. ಬರ್ರಿ, ನೀವಿಬ್ಬರೂ ಒಂದ ಫೋಟೋ ತಗಸ್ಕೋರಿ ಅಂದ, ಅಷ್ಟ ದೊಡ್ಡ ದೊಡ್ಡ ಮಂದಿ ಮುಂದ. ಯಾರ ಕರೀತಾರ ಹಂಗ? ಆಕಿ ಸಾಯೂತನಕಾ ನೆನಸತಿದ್ಲು. ಒಂದಽ ಚಿಂತಿ ಆಕಿಗೆ, ಬೆಳಕ ಹಾರಿದಾಗ ಕಣ್ಣ ಮುಚ್ಚಿದೆನೋ ಏನೋ, ಫೋಟೋ ಕೆಡಿಸಿದೆನೋ ಏನೋ ಅಂತಿದ್ಲು."

ಸೊಸೆ ಉಪ್ಪಿಟ್ಟು ಕೊಟ್ಟಳು. ತಿಂದೆ. ಹೊರಡುವಾಗ ಕಾಕಾ ಒಂದು ಚೀಲ ಸೇಂಗಾ ಕೊಟ್ಟು, ಅಣ್ಣನಿಗೆ ನಮಸ್ಕಾರ ಹೇಳು ಎಂದರು.

ನೇರ ಪೇಟೆಯ ಮನೆಗೆ ಹೋಗಿ ಸೇಂಗಾ ಅಪ್ಪನ ಮುಂದಿಟ್ಟೆ, ನಮಸ್ಕಾರವನ್ನೂ ಹೇಳಿದೆ. ಅಂದು ಅವರೇ ಅಡಿಗೆಮನೆಗೆ ಹೋಗಿ ಕರೆದದ್ದನ್ನು ಕಾಕಾ ಇನ್ನೂ ನೆನೆಯುತ್ತಾರೆಂದು, ಚುಚ್ಚಬೇಕೆಂದೇ, ಒತ್ತಿ ಹೇಳಿದೆ. ಅಪ್ಪ ಸೇಂಗಾ ಒಡೆಯುತ್ತ ಕೇಳಿಸಿಕೊಂಡರು.

"ಫೋಟೋಕ್ಕ ಏನ ಹೇಳಿದಿ?"

"ಹೊಳೀ ನೀರಾಗ ಕೆಟ್ಟೈತಿ ಅಂದೆ."

"ಛಲೋ ಮಾಡಿದಿ," ಅಂದರು ಅಪ್ಪ.

ನಮ್ಮಪ್ಪ ಮಕ್ಕಳನ್ನು ಹೊಗಳುವವರಲ್ಲ. ನೌಕರಿ ಸಿಕ್ಕಾಗ ಹೊಗಳಲಿಲ್ಲ, ಮನೆ ಕಟ್ಟಿಸಿದಾಗ ಹೊಗಳಲಿಲ್ಲ. ಇದೊಂದಕ್ಕೆ ಹೊಗಳಿದರು. ಅವರು ಬೆಳಕು ಹಾರಿಸಿ ಕಳಿಸಿದ್ದರು, ನಾನು ಹೊಳೆಯ ನೀರು ತೋರಿಸಿ ಬಂದಿದ್ದೆ. ಇಬ್ಬರೂ ಒಂದೇ ಕೆಲಸ ಮಾಡಿದ್ದೆವು. ಮನೆಗೆ ಬಂದು ಕೈಕಾಲು ತೊಳೆಯುವಾಗ ಕನ್ನಡಿ ನೋಡಲು ಮನಸ್ಸಾಗಲಿಲ್ಲ. ನಮ್ಮನೆಯವರು ತಮ್ಮ ಬಂಡೆಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಲು ಕರೆದರು, ತಲೆನೋವೆಂದು ಹೇಳಿ ಮಲಗಿದೆ.

ನಾಲ್ಕು ದಿನ ಹಾಗೂ ಹೀಗೂ ಕಳೆದೆ. ಬ್ಯಾಂಕಿನಲ್ಲಿ ಯಾರ ಮೇಲೂ ರೇಗಲಿಲ್ಲ, ಜೊತೆಯವರು ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದರು. ಖರೇ ಹೇಳಿಬಿಟ್ಟರೆ ಕಾಕಾ ಬೈದಾರು, ಬೈಯಲಿ. ಕಾಕಿ ಕಣ್ಣು ಮುಚ್ಚಿ ಏನನ್ನೂ ಕೆಡಿಸಿರಲಿಲ್ಲ ಎಂದಾದರೂ ಅವರಿಗೆ ಗೊತ್ತಾಗಲಿ ಎಂದುಕೊಂಡೆ. ನಾನು ಹಗುರಾಗಬೇಕಾಗಿತ್ತು, ಮಾತಿಗೆ ಕಾಕಿಯ ಹೆಸರು ಹೇಳುತ್ತಿದ್ದೆ ಅಷ್ಟೇ.

ರಜೆ ಹಾಕಿ ಮಿರಜದಿಂದ ಬೇಡಗದ ಬಸ್ಸು ಹತ್ತಿದೆ. ಕಾಕಾ ಒಬ್ಬರೇ ಹಿತ್ತಲಲ್ಲಿ ಕೂತು ಬೀಜದ ಅರಿಷಿಣ ಆರಿಸುತ್ತಿದ್ದರು. ನನ್ನನ್ನು ನೋಡಿ ಗಡಬಡಿಸಿ ಎದ್ದು, "ಮತ್ತ ಬಂದೆಲ್ಲವ್ವಾ, ಸಿಕ್ತೇನು?" ಅಂದರು. ಆ ಆಸೆಯ ದನಿ ಕೇಳಿಯೂ ನಾನು ನಿಲ್ಲಲಿಲ್ಲ. ಟೊಪ್ಪಿಗೆ, ಸನ್ನೆ, ರೀಲು ತಿರುಗಿಸದೆ ಹಾರಿಸಿದ ಬೆಳಕು, ಹೊಳೆ ಬಂದ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಹೇಳಿ, ಬೈಗುಳಕ್ಕೆ ತಲೆಬಗ್ಗಿಸಿ ನಿಂತೆ.

ಕಾಕಾ ಬೈಯಲಿಲ್ಲ. ಮೆಲ್ಲಗೆ ಕೂತರು. ಒಂದು ಕೊಂಬು ಎತ್ತಿಕೊಂಡು ಮಣ್ಣು ಉಜ್ಜಿದರು, ಉಜ್ಜಿದ್ದನ್ನೇ ಮತ್ತೆ ಉಜ್ಜಿದರು.

"ಆವತ್ತ ಹೇಳಿದ್ದ ಛಲೋ ಇತ್ತಲ್ಲವ್ವಾ," ಅಂದರು. "ಹೊಳ್ಯಾಗ ಹೋತು ಅಂದ್ರ, ಇತ್ತು ಅಂತಾದ್ರೂ ಆಗತಿತ್ತು."